ಬರಹಗಾರನ ಪರವಾಗಿ ನಿಂತವರು: ಸಾಹಿತ್ಯ ಏಜೆಂಟರ ಕಥೆ



ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಪತ್ರ ಬಂದಿತು. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಟ್ ಪುಸ್ತಕದ ಕೊನೆಯ ಹಾಳೆಗಳಲ್ಲಿ ಕಥೆ ಗೀಚುತ್ತಿದ್ದ ಹುಡುಗಿ. ಈಗ ದೂರದೇಶದಲ್ಲಿ ಸಂಸಾರ ಹೂಡಿದ್ದಾಳೆ. ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಮುಗಿಸಿದ್ದಾಳಂತೆ. "ಮೇಷ್ಟ್ರೇ, ಇಲ್ಲಿ ಪ್ರಕಾಶಕರಿಗೆ ನೇರವಾಗಿ ಕಳಿಸಿದರೆ ಓದುವುದೇ ಇಲ್ಲ, ಲಿಟರರಿ ಏಜೆಂಟ್ ಇರಬೇಕು ಎನ್ನುತ್ತಾರೆ. ಈ ಏಜೆಂಟರು ಯಾರು? ಅವರನ್ನು ನಂಬಬಹುದೇ? ನೀವು ಇತಿಹಾಸ ಬಲ್ಲವರು, ತಿಳಿಸಿ" ಎಂದು ಕೇಳಿದ್ದಳು.

ಆ ಪತ್ರಕ್ಕೆ ಉತ್ತರ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಸೋಮಾರಿತನವೂ ಕಾರಣವಲ್ಲ, ಕಣ್ಣಿನ ತೊಂದರೆಯೂ ಕಾರಣವಲ್ಲ. ಇದೇ ವಿಷಯದಲ್ಲಿ ಇನ್ನೊಬ್ಬ ಶಿಷ್ಯನಿಗೆ ನಾನು ಒಮ್ಮೆ ತಪ್ಪು ಸಲಹೆ ಕೊಟ್ಟವನು. ಮೊದಲು ಅದನ್ನು ಹೇಳಿಕೊಂಡು ಅನಂತರ ಇತಿಹಾಸಕ್ಕೆ ಬರುವುದು ನ್ಯಾಯ.

2014ರಲ್ಲಿ ಆ ಶಿಷ್ಯ ಸ್ವಯಂನಿವೃತ್ತಿ ಪಡೆದು, ಐದು ವರ್ಷ ಶ್ರಮಿಸಿ ಬರೆದ ಇಂಗ್ಲಿಷ್ ಐತಿಹಾಸಿಕ ಕಾದಂಬರಿಯೊಂದನ್ನು ಹಿಡಿದು ನಮ್ಮ ಮನೆಗೆ ಬಂದ. ಜೊತೆಯಲ್ಲಿ ಹನ್ನೆರಡು ಪುಟಗಳ ಕರಾರುಪತ್ರ. ಏಜೆಂಟರೆಂದೂ ಪ್ರಕಾಶಕರೆಂದೂ ಎರಡೂ ಹೆಸರಿನಲ್ಲಿ ಹೇಳಿಕೊಳ್ಳುತ್ತಿದ್ದ ಒಂದು ಸಂಸ್ಥೆ ಅದನ್ನು ಕಳಿಸಿತ್ತು. "ಒಮ್ಮೆ ನೋಡಿಬಿಡಿ ಮೇಷ್ಟ್ರೇ, ನೀವು ಹೇಳಿದರೆ ಸಹಿ ಹಾಕುತ್ತೇನೆ" ಎಂದ. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಮತ್ತು ಇತಿಹಾಸ ಪಾಠ ಮಾಡಿದ ನಾನು ಕನ್ನಡಕ ಏರಿಸಿ ಓದಿದೆ. ಎರಡು ಕಡೆ ಕಾಗುಣಿತದ ತಪ್ಪು ತೋರಿಸಿದೆ. "ಭಾಷೆ ಗಂಭೀರವಾಗಿದೆ, ದೊಡ್ಡ ಸಂಸ್ಥೆಯಂತೆ ಕಾಣುತ್ತದೆ, ಹಾಕು" ಎಂದೆ. ಆತ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಕಟ್ಟಿ ಸಹಿ ಹಾಕಿದ. ಐವತ್ತು ಪ್ರತಿಗಳು ಅವನ ಮನೆಗೆ ಬಂದವು. ಪುಸ್ತಕ ಯಾವ ಅಂಗಡಿಯಲ್ಲೂ ಕಾಣಲಿಲ್ಲ. ಎರಡು ವರ್ಷಗಳ ಬಳಿಕ ಸಣ್ಣ ಪ್ರಕಾಶನವೊಂದು ಅದನ್ನು ಕನ್ನಡದಲ್ಲಿ ತರಲು ಮುಂದೆ ಬಂದಾಗ ಕರಾರುಪತ್ರವನ್ನು ಮತ್ತೆ ತೆಗೆದು ನೋಡಿದೆವು. ಎಲ್ಲ ಭಾಷೆಗಳ ಅನುವಾದದ ಹಕ್ಕು, ನಾಟಕ, ಚಲನಚಿತ್ರ, ಎಲ್ಲವನ್ನೂ ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ ಅವನು ಬರೆದುಕೊಟ್ಟಿದ್ದ. ಅದು ಒಂಬತ್ತನೆಯ ಪುಟದಲ್ಲಿತ್ತು. ಆ ಪುಟದಲ್ಲಿ ನಾನು ಒಂದು ಅಲ್ಪವಿರಾಮವನ್ನು ತಿದ್ದಿದ್ದೆ!

ಭಾಷೆಯನ್ನು ನೋಡಿದೆ, ಅರ್ಥವನ್ನು ನೋಡಲಿಲ್ಲ. ಆತ ಇಂದಿಗೂ ನನ್ನನ್ನು ಒಂದು ಮಾತು ಆಡಿಲ್ಲ. ಅದೇ ನನಗೆ ಹೆಚ್ಚು ನೋವು. ಆ ನೋವಿನಿಂದಲೇ ಏಜೆಂಟರೆಂಬುವರ ಹುಟ್ಟನ್ನು ಓದತೊಡಗಿದೆ. ಓದಿದಷ್ಟೂ ಒಂದು ಸಂಗತಿ ಸ್ಪಷ್ಟವಾಯಿತು. ಲೇಖಕನ ಗಳಿಕೆಯಲ್ಲಿ ಪಾಲು ಪಡೆಯುವವನು ಏಜೆಂಟ್. ಲೇಖಕನ ಕಿಸೆಯಿಂದ ಹಣ ಪಡೆಯುವವನು ಏನೇ ಆಗಿರಲಿ, ಏಜೆಂಟ್ ಅಲ್ಲ. ಈ ಒಂದು ವಾಕ್ಯವನ್ನು ನಾನು 2014ರಲ್ಲಿ ಬಲ್ಲವನಾಗಿದ್ದರೆ ಸಾಕಿತ್ತು.

ಏಜೆಂಟರಿಲ್ಲದ ಕಾಲದಲ್ಲಿ ಬರಹಗಾರರ ಪಾಡು ಏನಾಗಿತ್ತೆಂದು ನೋಡೋಣ. ನಿಮಗೆ ನಾನು ಪಾಠ ಮಾಡಿದ ಮಿಲ್ಟನ್ ಮಹಾಕವಿ 1667ರಲ್ಲಿ 'ಪ್ಯಾರಡೈಸ್ ಲಾಸ್ಟ್' ಕಾವ್ಯವನ್ನು ಮುದ್ರಕನಿಗೆ ಕೊಟ್ಟಾಗ ಕೈಗೆ ಬಂದದ್ದು ಐದು ಪೌಂಡ್. ಮೊದಲ ಮುದ್ರಣದ 1,300 ಪ್ರತಿಗಳು ಖರ್ಚಾದ ಮೇಲೆ ಇನ್ನೈದು ಪೌಂಡ್. ಆತನ ಮರಣಾನಂತರ ಅವನ ಪತ್ನಿ ಎಂಟು ಪೌಂಡ್ ಪಡೆದು ಉಳಿದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಳು. ಜೇನ್ ಆಸ್ಟಿನ್ 1812ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಹಸ್ತಪ್ರತಿಯನ್ನು 110 ಪೌಂಡಿಗೆ ಹಕ್ಕುಸಹಿತ ಮಾರಿಬಿಟ್ಟಳು. ಆಕೆ ಬಯಸಿದ್ದು 150. ಮುಂದೆ ಎಷ್ಟು ಮುದ್ರಣಗಳಾದರೂ ಲಾಭವೆಲ್ಲ ಪ್ರಕಾಶಕನದು. ಇವರು ದಡ್ಡರಾಗಿರಲಿಲ್ಲ. ಆದರೆ ಬರೆಯುವ ಬುದ್ಧಿ ಬೇರೆ, ಬರೆದುದರ ಬೆಲೆ ಕಟ್ಟುವ ಬುದ್ಧಿ ಬೇರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬದಲಾಯಿತು. 1870ರ ಶಿಕ್ಷಣ ಕಾಯಿದೆಯ ತರುವಾಯ ಓದಬಲ್ಲವರ ಸಂಖ್ಯೆ ಬೆಳೆಯಿತು, ಅಗ್ಗದ ವಾರಪತ್ರಿಕೆ ಮಾಸಪತ್ರಿಕೆಗಳು ಹೆಚ್ಚಿದವು. ಒಂದು ಕಾದಂಬರಿ ಈಗ ಒಂದು ಸರಕಾಗಿ ಉಳಿಯಲಿಲ್ಲ. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವ ಹಕ್ಕು ಒಂದು, ಪುಸ್ತಕದ ಹಕ್ಕು ಇನ್ನೊಂದು, ಅಮೆರಿಕದ ಹಕ್ಕು ಮತ್ತೊಂದು. ಅಮೆರಿಕವು 1891ರ ಕಾಯಿದೆಯವರೆಗೆ ಪರದೇಶದ ಲೇಖಕರ ಹಕ್ಕನ್ನು ಮಾನ್ಯ ಮಾಡುತ್ತಲೇ ಇರಲಿಲ್ಲ. ನಮ್ಮಂತಹ ವಸಾಹತುಗಳಿಗೆಂದೇ ಮ್ಯಾಕ್‌ಮಿಲನ್ ಸಂಸ್ಥೆ 1886ರಲ್ಲಿ ಪ್ರತ್ಯೇಕ ಮಾಲೆಯೊಂದನ್ನು ಆರಂಭಿಸಿತು. ಅದೂ ಮಾರಬಹುದಾದ ಒಂದು ಪಾಲಾಯಿತು. ನಮ್ಮೂರ ಕಡೆ ತೆಂಗಿನ ಮರದ ಕಾಯಿ ಬೇರೆ, ಗರಿ ಬೇರೆ, ಮಟ್ಟೆ ಬೇರೆ ಬೆಲೆಗೆ ಹೋಗುವಂತೆ, ಒಂದೇ ಕೃತಿಯಿಂದ ಹಲವು ಆದಾಯ. ಇಷ್ಟನ್ನೆಲ್ಲ ಬಿಡಿಸಿ ಮಾರುವ ವ್ಯವಧಾನ ಯಾವ ಬರಹಗಾರನಿಗಿದೆ?

ಆ ಕೆಲಸವನ್ನು ಕೈಗೆತ್ತಿಕೊಂಡವನು ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಪೊಲಾಕ್ ವಾಟ್. ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ ಆ ವ್ಯವಹಾರದ ಒಳಹೊರಗನ್ನು ಬಲ್ಲವನಾಗಿದ್ದ. 1875ರ ಸುಮಾರಿಗೆ ಸ್ನೇಹಿತನಾದ ಕಾದಂಬರಿಕಾರ ಜಾರ್ಜ್ ಮ್ಯಾಕ್‌ಡೊನಾಲ್ಡ್ ತನ್ನ ಬರಹಗಳನ್ನು ಮಾರಿಕೊಡುವಂತೆ ಕೇಳಿದ. ಸ್ನೇಹಕ್ಕಾಗಿ ಆರಂಭಿಸಿದ್ದು ವೃತ್ತಿಯಾಯಿತು. ವಾಟ್ ಇಟ್ಟುಕೊಂಡ ನಿಯಮ ಸರಳವಾದದ್ದು: ಲೇಖಕನಿಗೆ ಬಂದ ಹಣದಲ್ಲಿ ಶೇಕಡ 10 ತನಗೆ, ಏನೂ ಬಾರದಿದ್ದರೆ ತನಗೂ ಏನೂ ಇಲ್ಲ. ವಿಲ್ಕೀ ಕಾಲಿನ್ಸ್, ರೈಡರ್ ಹ್ಯಾಗರ್ಡ್, ಕಾನನ್ ಡಾಯ್ಲ್, ಕಿಪ್ಲಿಂಗ್ ಮೊದಲಾದವರು ಆತನ ಕಕ್ಷಿದಾರರಾದರು. ಇದೇ ಹೊತ್ತಿಗೆ, 1884ರಲ್ಲಿ, ವಾಲ್ಟರ್ ಬೆಸಂಟ್ ಎಂಬ ಲೇಖಕನ ಮುಂದಾಳುತನದಲ್ಲಿ ಲೇಖಕರ ಸಂಘ ಸ್ಥಾಪನೆಯಾಯಿತು. ಕವಿ ಟೆನಿಸನ್ ಅದರ ಮೊದಲ ಅಧ್ಯಕ್ಷ. ಪ್ರಕಾಶಕರು ಕೊಡುವ ಲೆಕ್ಕಪತ್ರವನ್ನು ಓದುವುದು ಹೇಗೆಂದು ಸಂಘವು ಬರಹಗಾರರಿಗೆ ಕಲಿಸತೊಡಗಿತು.

ಪ್ರಕಾಶಕರು ಸುಮ್ಮನಿರಲಿಲ್ಲ. ವಿಲಿಯಂ ಹೈನ್‌ಮನ್ ಎಂಬ ಹೆಸರಾಂತ ಪ್ರಕಾಶಕ 1893ರಲ್ಲಿ ಈ ಮಧ್ಯವರ್ತಿಗಳನ್ನು ಖಂಡಿಸಿ ಪತ್ರಿಕೆಯಲ್ಲಿ ಬರೆದ. ಲೇಖಕ ಪ್ರಕಾಶಕರ ನಡುವಣ ಸ್ನೇಹ ಕೆಡುತ್ತದೆಂಬುದು ಅಂಥವರ ಮುಖ್ಯ ಆಕ್ಷೇಪವಾಗಿತ್ತು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಹೊಸ ಲೇಖಕನನ್ನು ಕೈಹಿಡಿದು ಬೆಳೆಸಿದ ಪ್ರಕಾಶಕನನ್ನು ಬಿಟ್ಟು, ಹೆಚ್ಚು ಹಣ ಕೊಡುವವನತ್ತ ಅವನನ್ನು ಕರೆದೊಯ್ಯುವ ಏಜೆಂಟನ ಮೇಲೆ ಯಾರಿಗೆ ತಾನೆ ಸಿಟ್ಟು ಬಾರದು? ಆದರೆ ಸ್ನೇಹದ ಹೆಸರಿನಲ್ಲಿ ಲೆಕ್ಕ ಕೇಳದೆ ಇದ್ದವರು ಯಾವಾಗಲೂ ಲೇಖಕರೇ ಆಗಿದ್ದರು ಎಂಬುದನ್ನೂ ಮರೆಯಬಾರದು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದವರು ಜೇಮ್ಸ್ ಪಿಂಕರ್ ಎಂಬ ಏಜೆಂಟ್ ಮತ್ತು ಜೋಸೆಫ್ ಕಾನ್ರಾಡ್ ಎಂಬ ಲೇಖಕ. ಪಿಂಕರ್ 1896ರಲ್ಲಿ ಲಂಡನ್ನಿನಲ್ಲಿ ಕಚೇರಿ ತೆರೆದ. ಕಾನ್ರಾಡ್ ಪೋಲೆಂಡಿನವನು, ಹಡಗಿನಲ್ಲಿ ದುಡಿದವನು, ದೊಡ್ಡವನಾದ ಮೇಲೆ ಕಲಿತ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವನು. 1900ರಿಂದ ಪಿಂಕರ್ ಅವನ ವ್ಯವಹಾರ ನೋಡಿಕೊಂಡ. ಕಾನ್ರಾಡ್ ನಿಧಾನವಾಗಿ ಬರೆಯುತ್ತಿದ್ದ, ಕಾಯಿಲೆ, ಸಾಲ, ಸಂಸಾರದ ತಾಪತ್ರಯ. ಪಿಂಕರ್ ಬರೆಯದ ಕಾದಂಬರಿಗಳ ಮೇಲೆ ಮುಂಗಡ ಕೊಡುತ್ತಲೇ ಹೋದ. ಸಾಲ ಸಾವಿರ ಪೌಂಡನ್ನು ಮೀರಿತು. 1910ರ ಜನವರಿಯಲ್ಲಿ 'ಅಂಡರ್ ವೆಸ್ಟರ್ನ್ ಐಸ್' ಕಾದಂಬರಿಯನ್ನು ಮುಗಿಸುವ ಹೊತ್ತಿಗೆ ಇಬ್ಬರಿಗೂ ದೊಡ್ಡ ಜಗಳವಾಯಿತು. ಮಾತಿನ ಬಿಸಿಯಲ್ಲಿ ಪಿಂಕರ್, ಇಂಗ್ಲಿಷಿನಲ್ಲಿ ಮಾತನಾಡು ಎಂದನಂತೆ. ಪರಭಾಷೆಯನ್ನು ಪ್ರಾಣವಾಗಿ ಮಾಡಿಕೊಂಡವನಿಗೆ ಆ ಮಾತು ಹೇಗೆ ಚುಚ್ಚಿರಬೇಕು! ಕಾನ್ರಾಡ್ ಮನೆಗೆ ಬಂದು ಹಾಸಿಗೆ ಹಿಡಿದ. ಸುಮಾರು ಎರಡು ವರ್ಷ ಇಬ್ಬರ ನಡುವೆ ಒಣ ವ್ಯವಹಾರದ ಪತ್ರಗಳಷ್ಟೇ. ಆದರೆ ಪಿಂಕರ್ ಅವನ ಕೆಲಸವನ್ನು ಬಿಡಲಿಲ್ಲ. 1914ರಲ್ಲಿ 'ಚಾನ್ಸ್' ಕಾದಂಬರಿ ಪುಸ್ತಕವಾಗಿ ಬಂದು ಚೆನ್ನಾಗಿ ಮಾರಾಟವಾಯಿತು, ಕಷ್ಟ ನೀಗಿತು, ಸ್ನೇಹವೂ ಕೂಡಿಕೊಂಡಿತು.

ಇದನ್ನು ಓದುವಾಗ ನನಗೆ ತಿಪಟೂರಿನ ಕೊಬ್ಬರಿ ಮಂಡಿ ನೆನಪಾಗುತ್ತಿತ್ತು. ನಮ್ಮ ತಂದೆಯವರು ಗಾಡಿಯಲ್ಲಿ ಕೊಬ್ಬರಿ ಹೇರಿಕೊಂಡು ಹೋಗುತ್ತಿದ್ದುದು ಒಂದೇ ಮಂಡಿಗೆ. ಮದುವೆಗೆ, ಬಾಣಂತನಕ್ಕೆ, ನನ್ನ ಕಾಲೇಜಿನ ಫೀಜಿಗೆ ಮುಂಗಡ ಕೊಟ್ಟವರು ಆ ಮಂಡಿಯ ಸಾಹುಕಾರರೇ. ಕೊಬ್ಬರಿ ಮಾರಾಟವಾದಾಗ ದಲ್ಲಾಳಿ ಮುರಿದುಕೊಳ್ಳುತ್ತಿದ್ದರು. "ದಲ್ಲಾಳಿ" ಎಂಬ ಪದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಆದರೂ ತಂದೆಯವರು ಹೇಳುತ್ತಿದ್ದರು: "ನಮ್ಮ ಕೊಬ್ಬರಿಗೆ ಹೆಚ್ಚು ಬೆಲೆ ಬಂದರೆ ಅವನಿಗೂ ಹೆಚ್ಚು ಬರುತ್ತೆ. ಅಲ್ಲೀವರೆಗೆ ಅವನು ನಮ್ಮವನು." ಏಜೆಂಟನ ವಿಷಯದಲ್ಲೂ ಇದೇ ಅಳತೆಗೋಲು. ಅವನ ಲಾಭ ನಿನ್ನ ಲಾಭದ ಜೊತೆಗೆ ಕಟ್ಟಿರಬೇಕು. ಪುಸ್ತಕ ಮಾರಾಟವಾಗುವ ಮುನ್ನವೇ ಅವನ ಲಾಭ ಮುಗಿದಿದ್ದರೆ, ಅನಂತರ ಅವನಿಗೆ ನಿನ್ನ ಪುಸ್ತಕದ ಹಂಗಿಲ್ಲ.

ಇನ್ನು ನಮ್ಮ ಮೈಸೂರಿಗೆ ಬರೋಣ. ಆರ್. ಕೆ. ನಾರಾಯಣ್ ತಮ್ಮ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಇಂಗ್ಲೆಂಡಿಗೆ ಕಳಿಸಿದರು. ಪ್ರಕಾಶಕರಿಂದ ಪ್ರಕಾಶಕರಿಗೆ ಸುತ್ತಿ ಅದು ತಿರಸ್ಕೃತವಾಗುತ್ತಲೇ ಇತ್ತು. ಬೇಸತ್ತ ಅವರು, ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಕಿಟ್ಟು ಪೂರ್ಣರಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಹಾಗೆ ಮಾಡಲಿಲ್ಲ. ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಎಂಬ ಲೇಖಕರಿಗೆ ತಲುಪಿಸಿದರು. ಗ್ರೀನ್ ಮೆಚ್ಚಿ ಶಿಫಾರಸು ಮಾಡಿದ ಫಲವಾಗಿ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆಯಿಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂದಿತು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಹೆಚ್ಚು ಬೋಧಪ್ರದ. ಮೊದಲ ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. 1937ರ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' ನೆಲ್ಸನ್ ಸಂಸ್ಥೆಯಿಂದ, 1938ರ 'ದಿ ಡಾರ್ಕ್ ರೂಮ್' ಮ್ಯಾಕ್‌ಮಿಲನ್‌ನಿಂದ, 1945ರ 'ದಿ ಇಂಗ್ಲಿಷ್ ಟೀಚರ್' ಐರ್ ಅಂಡ್ ಸ್ಪಾಟಿಸ್‌ವುಡ್‌ನಿಂದ ಬಂದವು. ನಾಲ್ಕು ಕಾದಂಬರಿ, ನಾಲ್ಕು ಪ್ರಕಾಶಕರು! ಸಮುದ್ರದಾಚೆ ಮೈಸೂರಿನಲ್ಲಿ ಕುಳಿತವರಿಗೆ ಪ್ರತಿಸಲ ಹೊಸ ಬಾಗಿಲು ತಟ್ಟಲು ಸಾಧ್ಯವೇ? ಗ್ರೀನರ ಸ್ನೇಹದ ಜೊತೆಗೆ, ಡೇವಿಡ್ ಹೈಯಮ್ ಎಂಬ ಏಜೆಂಟರು ಲಂಡನ್ನಿನಲ್ಲಿ ನಾರಾಯಣರ ಬರಹಗಳ ವ್ಯವಹಾರವನ್ನು ನೋಡಿಕೊಂಡರು. ಮೊದಲ ಬಾಗಿಲು ತೆರೆಸಿದ್ದು ಗೆಳೆತನ. ನಂತರದ ವರ್ಷಗಳಲ್ಲಿ ಬೇಕಾದದ್ದು ಗೆಳೆತನದ ಜೊತೆಗೆ ಇಂಥ ವೃತ್ತಿಪರ ನೆರವು.

ಕನ್ನಡದಲ್ಲಿ ಮಾತ್ರ ಈ ವೃತ್ತಿ ಬೇರೂರಲಿಲ್ಲ. ನಮ್ಮ ಗಳಗನಾಥರು, ಅವರೂ ಶಾಲಾ ಶಿಕ್ಷಕರೇ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಮುದ್ರಿಸಿ ಪ್ರಕಟಿಸಿದ್ದುಂಟು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿಕೊಂಡು ಬೆಳೆಯಿತು. ಕಾರಣ ಸರಳ. ಸಾವಿರ ಪ್ರತಿ ಮುದ್ರಣವಾಗುವ ಪುಸ್ತಕದ ಗೌರವಧನದಲ್ಲಿ ಶೇಕಡ ಹತ್ತು ಎಂದರೆ ಏಜೆಂಟನ ಬಸ್ ಖರ್ಚಿಗೂ ಸಾಲದು. ಆದ್ದರಿಂದ ಕನ್ನಡದಲ್ಲಿ ಬರೆಯುವ ನನ್ನ ಮಕ್ಕಳೇ, ನಿಮಗೆ ಏಜೆಂಟ್ ಬೇಕಿಲ್ಲ. ಪ್ರಕಾಶಕರಿಗೆ ನೇರವಾಗಿ ಬರೆಯಿರಿ, ಹೋಗಿ ಭೇಟಿಯಾಗಿ.

ಆದರೆ ಕೃತಿ ಭಾಷೆಯ ಗಡಿ ದಾಟುವಾಗ ಮಾತು ಬೇರೆ. 1997ರಲ್ಲಿ ಜಯಪ್ರಿಯ ವಾಸುದೇವನ್ ಅವರು ನಮ್ಮ ಬೆಂಗಳೂರಿನಲ್ಲೇ ಜಕರಂಡ ಎಂಬ ಏಜೆನ್ಸಿ ಆರಂಭಿಸಿದರು. ಭಾರತದಲ್ಲಿ ಅದು ಈ ಬಗೆಯ ಮೊದಲ ಪ್ರಯತ್ನಗಳಲ್ಲೊಂದು. ಅದರ ಹಿಂದಿನ ವರ್ಷವಷ್ಟೇ ಡೇವಿಡ್ ಗಾಡ್ವಿನ್ ಎಂಬ ಲಂಡನ್ನಿನ ಏಜೆಂಟರು ಅರುಂಧತಿ ರಾಯ್ ಅವರ ಹಸ್ತಪ್ರತಿಯನ್ನು ಓದಿ ವಿಮಾನ ಹತ್ತಿ ದೆಹಲಿಗೆ ಬಂದಿದ್ದರು. 'ದಿ ಗಾಡ್ ಆಫ್ ಸ್ಮಾಲ್ ಥಿಂಗ್ಸ್' 1997ರಲ್ಲಿ ಬೂಕರ್ ಪಡೆಯಿತು. ಗಮನಿಸಿ, ಟಿಕೆಟ್ಟಿನ ಹಣವನ್ನು ಲೇಖಕಿಯಿಂದ ಪಡೆದು ಅವರು ಬರಲಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದಾಗ ನಾವೆಲ್ಲ ಹಿಗ್ಗಿದೆವು. ಐವತ್ತು ಸಾವಿರ ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು. ಅನುವಾದದ ಹಕ್ಕೆಂಬುದು ಎಂಥ ಬೆಲೆಯುಳ್ಳದ್ದೆಂದು ಇನ್ನು ಯಾರೂ ಕೇಳಬೇಕಿಲ್ಲ. ನನ್ನ ಶಿಷ್ಯನ ಒಂಬತ್ತನೆಯ ಪುಟದಲ್ಲಿ ಕಳೆದುಹೋದದ್ದು ಅದೇ ಹಕ್ಕು.

ಈಗ, ಮಗಳೇ, ನಿನ್ನ ಪ್ರಶ್ನೆಗೆ ನೇರ ಉತ್ತರ.

ಮೊದಲನೆಯದಾಗಿ, ಕಾದಂಬರಿಯಾದರೆ ಪೂರ್ತಿ ಬರೆದು, ತಿದ್ದಿ, ಆಮೇಲೆ ಏಜೆಂಟರಿಗೆ ಬರೆ. ಕಥೆಯಲ್ಲದ ಗದ್ಯವಾದರೆ ಒಂದು ಪ್ರಸ್ತಾವನೆ ಮತ್ತು ಮಾದರಿ ಅಧ್ಯಾಯಗಳು ಸಾಕಾಗಬಹುದು.

ಎರಡನೆಯದಾಗಿ, ನಿನ್ನ ಬರಹದ ಜಾತಿಗೆ ಸೇರಿದ, ಈಚೆಗೆ ಪ್ರಕಟವಾದ ಹತ್ತು ಪುಸ್ತಕಗಳನ್ನು ತೆಗೆದು ಕೃತಜ್ಞತೆಯ ಪುಟವನ್ನು ಓದು. ಲೇಖಕರು ಬಹುಮಟ್ಟಿಗೆ ತಮ್ಮ ಏಜೆಂಟರ ಹೆಸರನ್ನು ಅಲ್ಲಿ ನೆನೆದಿರುತ್ತಾರೆ. ಅಂಥವರಿಗೆ ಬರೆ. ಯಾವ ಪುಸ್ತಕಗಳನ್ನು ಯಾವ ಪ್ರಕಾಶಕರಿಗೆ ಕೊಡಿಸಿದ್ದೇನೆಂದು ಹೇಳಲಾರದ ಏಜೆಂಟರಿಂದ ದೂರವಿರು.

ಮೂರನೆಯದಾಗಿ, ಪತ್ರ ಒಂದು ಪುಟ ಮೀರದಿರಲಿ. ಕಥೆ ಏನು, ಎಷ್ಟು ಪದಗಳು, ನೀನು ಯಾರು, ಅವರಿಗೇ ಏಕೆ ಬರೆಯುತ್ತಿರುವೆ, ಇಷ್ಟು ಸಾಕು. ಜೊತೆಗೆ ಕಥಾಸಾರ ಮತ್ತು ಅವರು ಕೇಳಿದಷ್ಟು ಮೊದಲ ಅಧ್ಯಾಯಗಳು. ಪ್ರತಿಯೊಬ್ಬರ ನಿಯಮ ಬೇರೆ, ಅದನ್ನು ಪಾಲಿಸು. ಒಂದೇ ಸಲ ಹಲವರಿಗೆ ಕಳಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಉತ್ತರ ಬರಲು ತಿಂಗಳುಗಳಾಗಬಹುದು. ತಿರಸ್ಕಾರ ಬಂದರೆ ನಾರಾಯಣರ ಕಲ್ಲನ್ನು ನೆನೆದುಕೊಂಡು ಇನ್ನೊಬ್ಬರಿಗೆ ಕಳಿಸು.

ನಾಲ್ಕನೆಯದಾಗಿ, ಹಣ. ವಾಟನ ಕಾಲದ ಹತ್ತು ಈಗ ಸಾಮಾನ್ಯವಾಗಿ ಶೇಕಡ 15. ಪರದೇಶದ ಮತ್ತು ಅನುವಾದದ ಹಕ್ಕುಗಳಿಗೆ ಶೇಕಡ 20. ಇದು ನಿನಗೆ ಬಂದ ಹಣದಲ್ಲಿ ಮುರಿದುಕೊಳ್ಳುವ ಪಾಲು. ಓದುವ ಶುಲ್ಕ, ನೋಂದಣಿ ಶುಲ್ಕ, ಪ್ರಚಾರದ ಪ್ಯಾಕೇಜ್ ಎಂದು ಯಾರಾದರೂ ಮುಂಚಿತವಾಗಿ ಹಣ ಕೇಳಿದರೆ, ಎಷ್ಟೇ ಗಂಭೀರ ಭಾಷೆಯಲ್ಲಿ ಕೇಳಲಿ, ಅಲ್ಲಿಗೇ ನಿಲ್ಲಿಸು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದು ಅವಮಾನವೇನಲ್ಲ, ಕಾರಂತರೇ ಮಾಡಿದರು. ಆದರೆ ನಿನ್ನ ಹಣದಿಂದ ಅಚ್ಚಾದ ಪುಸ್ತಕದ ಹಕ್ಕು ನಿನ್ನಲ್ಲಿಯೇ ಇರಬೇಕು.

ಐದನೆಯದಾಗಿ, ಕರಾರು. ಏಜೆಂಟರೊಡನೆ ಮಾಡಿಕೊಳ್ಳುವ ಒಪ್ಪಂದ ಒಂದು, ಪ್ರಕಾಶಕರೊಡನೆ ಮಾಡಿಕೊಳ್ಳುವುದು ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಓದು. ಏಜೆಂಟರು ಯಾವ ಯಾವ ಕೃತಿಗಳಿಗೆ ನಿನ್ನ ಪ್ರತಿನಿಧಿ, ಹಣ ಅವರಿಗೆ ತಲುಪಿದ ಎಷ್ಟು ದಿನಗಳಲ್ಲಿ ನಿನಗೆ ಬರಬೇಕು, ಮನಸ್ಸು ಕೂಡದಿದ್ದರೆ ಎಷ್ಟು ದಿನಗಳ ನೋಟಿಸ್ ಕೊಟ್ಟು ಬೇರೆಯಾಗಬಹುದು, ಇವು ಬರಹದಲ್ಲಿರಬೇಕು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕನ್ನು ವರ್ಗಾಯಿಸುವ ಒಪ್ಪಂದ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಈ ರಕ್ಷಣೆ ಕರಾರು ಮೌನವಾಗಿದ್ದಾಗ ಮಾತ್ರ. "ಪೂರ್ಣ ಅವಧಿ", "ಇಡೀ ಪ್ರಪಂಚ" ಎಂದು ಬರೆದಿರುವ ಕಡೆ ಸಹಿ ಹಾಕಿದರೆ ಆ ರಕ್ಷಣೆಯನ್ನು ನಾವೇ ಕೈಯಾರೆ ಬಿಟ್ಟಂತೆ. ಲೇಖಕನ ಮರಣದ ನಂತರವೂ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಪೂರ್ಣ ಅವಧಿಯೆಂದರೆ ಮೊಮ್ಮಕ್ಕಳ ಕಾಲದವರೆಗೆ. ನೀನಿರುವ ದೇಶದ ಕಾನೂನು ಬೇರೆ ಇರುತ್ತದೆ, ಅಲ್ಲಿನ ವಕೀಲರಿಗೆ ತೋರಿಸು.

ನನ್ನ ಆ ಶಿಷ್ಯನ ಮಾತು ಹೇಳಿ ಮುಗಿಸುತ್ತೇನೆ. ನಾಲ್ಕು ರಿಜಿಸ್ಟರ್ ಪತ್ರಗಳನ್ನು ಬರೆದರೂ ಆ ಸಂಸ್ಥೆಯಿಂದ ಹಕ್ಕು ಹಿಂದಕ್ಕೆ ಬಂದಿಲ್ಲ. ಆತ ಬರೆಯುವುದನ್ನೂ ಬಿಟ್ಟಿಲ್ಲ. ಎರಡನೆಯ ಕಾದಂಬರಿಯನ್ನು ಕನ್ನಡದಲ್ಲೇ ಬರೆದ. ಕಳೆದ ವರ್ಷ ಪ್ರಕಾಶಕರ ಕರಾರುಪತ್ರವನ್ನು ಹಿಡಿದು, ಯಾರ ಬಳಿಗೆ ಹೋದನೆಂದು ತಿಳಿದಿರಿ? ಮತ್ತೆ ನನ್ನ ಬಳಿಗೇ ಬಂದ. "ನನ್ನ ಹತ್ತಿರ ಯಾಕಪ್ಪ ತಂದೆ?" ಎಂದೆ. "ಈ ಸಲ ನೀವು ಸರಿಯಾಗಿ ಓದುತ್ತೀರಿ ಮೇಷ್ಟ್ರೇ" ಎಂದ. ಮೂರು ದಿನ ಇಟ್ಟುಕೊಂಡು ಪೆನ್ಸಿಲ್ ಹಿಡಿದು ಓದಿದೆ, ಪರಿಚಯದ ವಕೀಲರಿಗೂ ತೋರಿಸಿದೆ. ಅನುವಾದದ ಹಕ್ಕಿನ ಸಾಲನ್ನು ತೆಗೆಯಬೇಕೆಂದು ಕೇಳಿದೆವು. ಪ್ರಕಾಶಕರು ಒಳ್ಳೆಯವರು, ಎರಡನೆಯ ಮಾತಿಲ್ಲದೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿಕೊಟ್ಟರು. ಕೇಳಿದ್ದರೆ ಅಂದೂ ಇಷ್ಟೇ ಇತ್ತೇನೋ. ಕೇಳಬೇಕೆಂಬುದು ನಮಗೆ ತಿಳಿದಿರಲಿಲ್ಲ.

ಆದ್ದರಿಂದ ಮಗಳೇ, ಏಜೆಂಟರನ್ನು ಧೈರ್ಯವಾಗಿ ಹುಡುಕು. ಒಳ್ಳೆಯವರು ಸಿಕ್ಕರೆ ಪಿಂಕರನಂತೆ ಜಗಳವಾಡಿಯೂ ಜೊತೆಗಿರುತ್ತಾರೆ. ಕರಾರು ಬಂದಾಗ ವಕೀಲರಿಗೆ ತೋರಿಸು, ನನಗೂ ಒಂದು ಪ್ರತಿ ಕಳಿಸು. ಕಾಗುಣಿತ ನೋಡುವುದಿಲ್ಲ ಎಂದು ಮಾತು ಕೊಡುತ್ತೇನೆ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಪ್ರೀತಿಯ ಮೇಷ್ಟ್ರು